ಯಾರಪ್ಪನ ಹೊಸ ಪದ್ಧತಿ

‘ಯಾರಪ್ಪ’ ಎಂಬುದು ಅವನಿಗೆ ಅವನ ಅಕ್ಕ ಇಟ್ಟ ಹೆಸರು. ಬಾಗಿಲು ತಟ್ಟಿದವರು ಒಡಹುಟ್ಟಿದ ಅಕ್ಕನೇ ಆದರೂ ಸರಿ, ಆಸಾಮಿ ಪಿಳಿಪಿಳಿ ನೋಡಿ “ಯಾರಪ್ಪಾ ಇದು?” ಎನ್ನುತ್ತಿದ್ದ. ಮನುಷ್ಯರ ಮುಖ ಮರೆತರೂ ಕಂಪ್ಯೂಟರಿನ ನಾಲ್ಕು ಸಾವಿರ ಬಿಡಿಭಾಗಗಳ ಗುರುತು ಮಾತ್ರ ಅವನಿಗೆ ಬಾಯಿಪಾಠ.

ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬ ತಂತ್ರಾಂಶದ ಒಂದು ಆವೃತ್ತಿಯಲ್ಲಿ, ಯಂತ್ರಕ್ಕೆ ಏನೇನು ಜೋಡಿಸಿದೆ ಎಂದು ಪತ್ತೆಹಚ್ಚುವ ಪ್ರೋಗ್ರಾಮು ಅವನದೇ. ಅದಕ್ಕೂ ಯಜಮಾನನ ಬುದ್ಧಿಯೇ. ಯಂತ್ರ ಶುರುವಾದೊಡನೆ ಒಂದೊಂದು ಭಾಗವನ್ನೂ ತಿವಿದು “ನೀನ್ಯಾರು?” ಎಂದು ಕೇಳುತ್ತಿತ್ತು. ತಿವಿಸಿಕೊಂಡ ಕೆಲವಕ್ಕೆ ರೇಗಿ, ಇಡೀ ಯಂತ್ರ ಗರ ಬಡಿದಂತೆ ನಿಂತುಬಿಡುತ್ತಿತ್ತು.

ಬಳಸುವವರ ಬೈಗುಳ ಕೇಳಿ ಕೇಳಿ ಸಾಕಾಗಿ ಅವನೇ ಅದನ್ನು ಕಿತ್ತುಹಾಕಿ ಹೊಸದನ್ನು ಬರೆದ. ಹೊಸದು ಯಾರನ್ನೂ ತಿವಿಯುವುದಿಲ್ಲ. ಸುಮ್ಮನೆ ಕಿವಿಗೊಟ್ಟು ಕೂತಿರುತ್ತದೆ. ಬಂದು ಸೇರಿದ ಭಾಗವೇ ತಾನು ಇಂಥದ್ದೆಂದು ಹೇಳಿಕೊಳ್ಳಬೇಕು. ಅದು ಎಷ್ಟು ಸಲೀಸಾಗಿ ನಡೆಯಿತೆಂದರೆ, ಮನೆಯಲ್ಲೂ ಅದೇ ಪದ್ಧತಿ ಹಿಡಿಯಬೇಕೆಂದು ಅವನಿಗೆ ಅನ್ನಿಸಿತು.

ಭಾನುವಾರ ಬಾಗಿಲು ತೆರೆದರೆ, ಕೈಚೀಲ ಹಿಡಿದ ಹೆಂಗಸೊಬ್ಬರು ನಿಂತಿದ್ದರು. ಅವನು ತುಟಿ ಬಿಚ್ಚಲಿಲ್ಲ. ಅವರೂ ಬಿಚ್ಚಲಿಲ್ಲ. ಹೀಗೇ ಮೂರು ನಿಮಿಷ ಕಳೆಯಿತು.

“ಯಾರ್ರೀ ಬಂದಿರೋದು?” ಒಳಗಿನಿಂದ ಹೆಂಡತಿ ಕೂಗಿದಳು.

“ಗೊತ್ತಿಲ್ಲ ಕಣೇ, ಅವರಿನ್ನೂ ಹೇಳಿಲ್ಲ.”

ಹೆಂಡತಿ ಓಡಿಬಂದು ಹಣೆ ಚಚ್ಚಿಕೊಂಡಳು. “ಅಯ್ಯೋ, ನಿಮ್ಮಕ್ಕ ಕಣ್ರೀ!”

ಅಕ್ಕ ಚೀಲ ಕೆಳಗಿಟ್ಟು ನಿಟ್ಟುಸಿರು ಬಿಟ್ಟಳು. “ಮೊದ್ಲು ಯಾರಪ್ಪಾ ಅಂತನಾದ್ರೂ ಕೇಳ್ತಿದ್ದ. ಹಳೇದೇ ವಾಸಿ ಇತ್ತು ಕಣಮ್ಮ.”