ಅಜ್ಜಿಯ ಜಾಜಿನ ಕಲ್ಲು

ನನ್ನ ಮಗನ ವಿಜ್ಞಾನದ ಪುಸ್ತಕದಲ್ಲಿ ‘ಹೆಮಟೈಟ್’ ಅನ್ನೋ ಹೆಸರು ಕಂಡರೆ ಇವತ್ತಿಗೂ ಹಾಳೆ ತಿರುವಿಹಾಕಿಬಿಡ್ತೀನಿ. ಪಾಪ, ಆ ಹೆಸರಿನ ತಪ್ಪೇನೂ ಇಲ್ಲ. ಕಬ್ಬಿಣದ ಅದಿರು, ಅಷ್ಟೆ. ಸಿಟ್ಟು ಇರೋದು ನನಗೆ ಮನುಷ್ಯರ ಮೇಲೆ.

ನಮ್ಮೂರಲ್ಲಿ ಅದನ್ನ ಜಾಜಿನ ಕಲ್ಲು ಅಂತಿದ್ವಿ. ನಮ್ಮಜ್ಜಿ ಹತ್ರ ಅಂಗೈಯಗಲದ್ದು ಒಂದಿತ್ತು. ನೋಡೋಕೆ ಕರ್ರಗೆ, ಎತ್ತಿದರೆ ಕೈ ಜಗ್ಗೋ ಭಾರ. ನೀರು ಚಿಮುಕಿಸಿ ಚಪ್ಪಡಿ ಮೇಲೆ ತೇಯ್ದರೆ ಮಾತ್ರ ಕೆಂಪಗೆ ಇಳಿಯೋದು. ಅದಕ್ಕೆ ಹರಳೆಣ್ಣೆ ಕಲಸಿ ಅಜ್ಜಿ ಕುರಿಗಳಿಗೆ ಗುರುತು ಹಾಕೋಳು. ಬುಕ್ಕಾಪಟ್ಟಣದ ಕಡೆ ಕಾವಲಿನಲ್ಲಿ ನಾಲ್ಕೂರ ಕುರಿ ಒಟ್ಟಿಗೆ ಮೇಯ್ತಿದ್ದವು. ಯಾವುದು ಯಾರದು ಅಂತ ಜಗಳ ಬಂದರೆ ಕುಲದ ಯಜಮಾನರು ಮನುಷ್ಯರ ಮಾತು ಕೇಳ್ತಿರಲಿಲ್ಲ, ಕುರಿಯ ಮೈ ನೋಡ್ತಿದ್ರು. ಎಣ್ಣೆ ಕುಡಿದ ಜಾಜು ಮಳೆಗೂ ಹೋಗಲ್ಲ, ಬಿಸಿಲಿಗೂ ಹೋಗಲ್ಲ. ಮೈಮೇಲಿನ ಉಣ್ಣೆ, ನಮ್ಮ ಮಾತಲ್ಲಿ ತುಪ್ಪಟ, ಅದನ್ನ ಕತ್ತರಿಸಿದಾಗ ಅದರ ಜೊತೆಗೇ ಹೋಗಬೇಕು.

ನಮ್ಮ ಮನೆ ಗುರುತು ಬೆನ್ನ ಮೇಲೆ ಮೂರು ಬೆರಳಿನ ಗೀಟು. ಅಜ್ಜಿ ಎಳೆದಿದ್ದಾದ್ರೆ ನಡುವಿನ ಗೀಟು ಮಾತ್ರ ಗಿಡ್ಡ, ಯಾಕಂದ್ರೆ ಅವಳ ನಡುಬೆರಳಿನ ತುದಿಯನ್ನ ಯಾವತ್ತೋ ಕುಡುಗೋಲು ತಿಂದಿತ್ತು. ನಾವು ಮಕ್ಕಳು ಅದನ್ನ ಆಡಿಕೊಂಡು ನಗ್ತಿದ್ವಿ.

ನನ್ನ ಕುರಿಗಳ ಗುರುತು ಬೇರೆ. ನಮ್ಮಲ್ಲಿ ಹೆಣ್ಣುಮಗುವನ್ನ ತೊಟ್ಟಿಲಿಗೆ ಹಾಕೋ ದಿನ ಅದರ ಹೆಸರಿಗೆ ಒಂದು ಹೆಣ್ಣು ಮರಿ ಬಿಡ್ತಾರೆ. ಆ ಮರಿ ಈದಿದ್ದೆಲ್ಲ ಅವಳದೇ. ಎಡ ಭುಜದ ಮೇಲೆ ಒಂದೇ ಒಂದು ಬೊಟ್ಟು, ಅದನ್ನೂ ಒಡತಿಯೇ ತನ್ನ ಹೆಬ್ಬೆರಳಿಂದ ಇಡಬೇಕು. ತುಪ್ಪಟ ಕತ್ತರಿಸಿದ ದಿನ ಅವಳು ಎದುರಿಗಿದ್ದು ಹೊಸದಾಗಿ ಇಡದಿದ್ರೆ ಕುರಿ ಮನೆ ಮಂದೆಗೆ ಸೇರಿಹೋಗುತ್ತೆ. ನಾನು ಹತ್ತನೇ ಕ್ಲಾಸಿಗೆ ಬರೋ ಹೊತ್ತಿಗೆ ನನ್ನ ಬೊಟ್ಟು ಹೊತ್ತ ಬಿಳಿ ಕುರಿ ಹನ್ನೊಂದಿದ್ದವು. ಪಾಸಾದ್ರೆ ಅವನ್ನ ಮಾರಿ ತುಮಕೂರಲ್ಲಿ ಟೀಚರ್ ಟ್ರೈನಿಂಗಿಗೆ ಸೇರಿಸ್ತೀನಿ ಅಂತ ಅಜ್ಜಿ ಮಾತು ಕೊಟ್ಟಿದ್ಲು. ಅಪ್ಪ ಕೊಟ್ಟಿದ್ದರೆ ನಂಬ್ತಿರಲಿಲ್ಲ. ಅಜ್ಜಿ ಅಂದಮೇಲೆ ಮುಗೀತು, ನಾನು ಆಗಲೇ ಟೀಚರಮ್ಮ.

ಎಪ್ಪತ್ತರ ದಶಕ ಮುಗೀತಾ ಬಂದಿತ್ತು. ಶಿರಾದ ಹಾಸ್ಟೆಲ್ಲಿನಲ್ಲಿದ್ದುಕೊಂಡು ಹೈಸ್ಕೂಲಿಗೆ ಹೋಗ್ತಿದ್ದೆ. ಒಂದು ದಿನ ಮೇಷ್ಟ್ರು ಒಂದು ಕರಿ ಕಲ್ಲು ತಂದು, ಒಡೆದ ಪಿಂಗಾಣಿಯ ಒರಟು ಅಂಚಿಗೆ ಉಜ್ಜಿದ್ರು. ಕೆಂಪು ಗೆರೆ ಬಿತ್ತು. ಇದರ ಹೆಸರು ಹೆಮಟೈಟ್, ಗ್ರೀಕರ ಮಾತಲ್ಲಿ ರಕ್ತ ಅನ್ನೋ ಪದದಿಂದ ಬಂದಿದ್ದು ಅಂದ್ರು. ನನಗೆ ಕೂತಲ್ಲಿ ಕೂರೋಕಾಗಲಿಲ್ಲ. ನಮ್ಮಜ್ಜಿಯೂ ಜಾಜು ತೇಯುವಾಗ ಇದು ಭೂಮ್ತಾಯಿ ರಕ್ತ ಅಂತಲೇ ಹೇಳೋಳು! ಶನಿವಾರ ಊರಿಗೆ ಓಡಿಬಂದು ಹೇಳಿದೆ. ಅಜ್ಜಿ ಕಲ್ಲು ತೇಯೋದನ್ನ ನಿಲ್ಲಿಸಲಿಲ್ಲ.

“ಆ ಗ್ರೀಕ್ನೋರೂ ಕುರಿ ಮೇಯಿಸ್ತಿದ್ರೇನೋ ಬುಡು,” ಅಂದ್ಲು. ಆಮೇಲೆ ಕೆಂಪಾದ ಬೆರಳು ಎತ್ತಿ ತೋರಿಸಿ, “ರಕ್ತ ಕಣಮ್ಮಿ ಇದು. ಸುಳ್ಳು ಹೇಳಕ್ಕಿಲ್ಲ,” ಅಂದ್ಲು.

ಪರೀಕ್ಷೆ ಬಂತು. ನಮ್ಮ ಮನೇಲಿ ತುಪ್ಪಟ ಕತ್ತರಿಸೋದು ಯುಗಾದಿ ಕಳೆದ ಮೇಲೆ. ಅಷ್ಟರಲ್ಲಿ ಪರೀಕ್ಷೆ ಮುಗಿಸಿ ಬಂದು ಬೊಟ್ಟಿಡ್ತೀನಿ ಅಂತ ಹೇಳಿ ಹೋಗಿದ್ದೆ. ವಿಜ್ಞಾನದ ಪೇಪರಲ್ಲಿ ಕಬ್ಬಿಣದ ಒಂದು ಅದಿರನ್ನು ಹೆಸರಿಸಿ ಅಂತ ಪ್ರಶ್ನೆ ಬಂದಿತ್ತು. ಹೆಸರು ಕೇಳಿದ್ರೆ ನಾನು ಅರ್ಥವನ್ನೂ ಬರೆದೆ, ಕುರಿ ಗುರುತನ್ನೂ ಬರೆದೆ. ಎಷ್ಟು ಉಬ್ಬಿದ್ದೆ ಅಂದ್ರೆ, ಬಸ್ಸಿಂದ ಇಳಿದವಳು ಚೀಲ ಸಮೇತ ಸೀದಾ ಕುರಿ ರೊಪ್ಪಕ್ಕೇ ಹೋದೆ.

ಕುರಿಗಳೆಲ್ಲ ಬೋಳು. ಹಬ್ಬಕ್ಕೆ ಇನ್ನೂ ವಾರ ಇತ್ತು, ತುಪ್ಪಟ ಆಗಲೇ ಕತ್ತರಿಸಿಯಾಗಿತ್ತು. ನನ್ನ ಹನ್ನೊಂದರ ಭುಜವೂ ಬರಿದು, ಬೆನ್ನ ಮೇಲೆ ಮನೆ ಗುರುತಿನ ಮೂರು ಗೀಟು. ಮೊದಲು ಇದು ಅಣ್ಣನದೇ ಕೆಲಸ ಅಂತ ಅವನನ್ನ ಬೈದೆ, ಬಾಯಿಗೆ ಬಂದಂಗೆ ಬೈದೆ. ಬೈತಾ ಬೈತಾ ಹತ್ತಿರ ಹೋಗಿ ನೋಡ್ತೀನಿ, ನಡುವಿನ ಗೀಟು ಗಿಡ್ಡ. ಒಂದರ ಮೇಲಲ್ಲ, ಹನ್ನೊಂದರ ಮೇಲೂ. ಬೇಲಿನೇ ಎದ್ದು ಹೊಲ ಮೇಯ್ದಿತ್ತು.

ಅಮ್ಮ ಮುಖ ತಗ್ಗಿಸಿಕೊಂಡು ವಿಷಯ ಹೇಳಿದ್ಲು. ಅಣ್ಣನಿಗೆ ಪಾವಗಡದ ಕಡೆ ಹೆಣ್ಣು ಗೊತ್ತಾಗಿತ್ತು. ಅವಳ ಅಪ್ಪ ಮಂದೆ ನೋಡೋಕೆ ಬರೋನಿದ್ದ. ಭುಜದ ಮೇಲೆ ಬೊಟ್ಟಿರೋವು ನಾಳೆ ಮನೆ ಬಿಟ್ಟು ಹೋಗೋ ಕುರಿ ಅಂತ ಅವನಿಗೂ ತಿಳೀತದೆ, ಎಣಿಕೆಗೆ ಹಿಡಿಯಲ್ಲ. ಅದಕ್ಕೆ ನಾನು ಬರೋದರೊಳಗೆ ಅಪ್ಪ, ಅಣ್ಣ, ಅಜ್ಜಿ ಮೂವರೂ ಸೇರಿ ಕೆಲಸ ಮುಗಿಸಿದ್ರು. ಆ ಮನುಷ್ಯ ಬಂದು ನೋಡಿ, “ಅನ್ನೀ ಮೀವೇನಾ?” ಎಲ್ಲಾ ನಿಮ್ಮವೇನಾ ಅಂತ ತೆಲುಗಲ್ಲಿ ಕೇಳಿ, ಖುಷಿಯಾಗಿ ಎಲೆಅಡಿಕೆ ಹಾಕ್ಕೊಂಡು ಹೋಗಿದ್ದನಂತೆ. ಕುರಿ ಕೇಳಿ ಮಸಾಲೆ ಅರೀತಾರಾ ಅಂತ ಗಾದೆ ಇದೆಯಲ್ಲ, ನಮ್ಮ ಮನೇಲಿ ಕುರಿಯ ಒಡತಿಯನ್ನೂ ಕೇಳಲಿಲ್ಲ.

ನಾನು ಸುಮ್ಮನಿರೋ ಜಾತಿ ಅಲ್ಲ. ಮಾರನೇ ದಿನ ಬೆಳಿಗ್ಗೆನೇ ಯಜಮಾನರ ಮನೆಗೆ ಹೋಗಿ ಕರ್ಕೊಂಡು ಬಂದೆ. ಹದಿನಾರರ ಹುಡುಗಿ ಮನೆಯವರ ಮೇಲೇ ದೂರು ತಂದಿದ್ದಾಳೆ ಅಂತ ಅರ್ಧ ಊರು ರೊಪ್ಪದ ಹತ್ರ ಸೇರಿತ್ತು. ಅಪ್ಪ ಹಲ್ಲು ಕಡೀತಿದ್ದ. ನಾನು ಅವನ ಕಡೆ ನೋಡ್ಲೇ ಇಲ್ಲ. ಅಜ್ಜಿ ಇದಾಳೆ, ನಾಲ್ಕು ಜನರ ಎದುರಿಗೆ ಕೇಳಿದ್ರೆ ನಿಜ ಹೇಳೇ ಹೇಳ್ತಾಳೆ ಅನ್ನೋ ಧೈರ್ಯ. ಆ ಬೆಳಿಗ್ಗೆಯೂ ಅವಳನ್ನ ನಂಬಿದ್ದೆ ನೋಡಿ, ಅದಕ್ಕೇ ನನ್ನ ಮೇಲೆ ನನಗೆ ಇವತ್ತಿಗೂ ಸಿಟ್ಟು.

ಯಜಮಾನರು ಕುರಿಗಳ ಬೆನ್ನು ಸವರಿ ನೋಡಿ, ಇವು ಮೊಮ್ಮಗಳವಾ ಅಂತ ಅಜ್ಜಿಯನ್ನೇ ಕೇಳಿದ್ರು. ಅಜ್ಜಿ ಸೆರಗಿನೊಳಗೆ ಕೈ ಮುಚ್ಚಿಕೊಂಡ್ಲು.

“ಬೆನ್ಮೇಲೈತಲ್ಲ, ನೋಡ್ಕಳಿ,” ಅಂದ್ಲು.

ಅಷ್ಟೇ. ಜಾಜು ಹೇಳಿದ ಮೇಲೆ ಇನ್ನೇನಿದೆ ಅಂತ ಯಜಮಾನರು ಟವೆಲ್ ಕೊಡವಿ ಎದ್ದು ಹೋದ್ರು.

ಅಣ್ಣನ ಮದುವೆ ಆಯ್ತು. ನಾನು ಫಸ್ಟ್ ಕ್ಲಾಸಲ್ಲಿ ಪಾಸಾದೆ. ಟ್ರೈನಿಂಗಿನ ಸುದ್ದಿ ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅಜ್ಜಿ ತಟ್ಟೆಗೆ ಎರಡು ಮುದ್ದೆ ಹೆಚ್ಚಿಗೆ ಹಾಕಿ ಮಾತಾಡಿಸೋಕೆ ನೋಡೋಳು. ನಾನು ಒಂದು ಉಂಡು ಏಳ್ತಿದ್ದೆ. ಎರಡು ವರ್ಷಕ್ಕೆ ನನ್ನನ್ನ ಮಧುಗಿರಿ ಕಡೆ ಕೊಟ್ರು.

ಗಂಡನ ಮನೆಗೆ ಹೊರಟ ದಿನ ಅಜ್ಜಿ ಹಿತ್ತಲಿಗೆ ಕರೆದ್ಲು. ಸೆರಗಿನ ಗಂಟು ಬಿಚ್ಚಿ ಆ ಕಲ್ಲನ್ನ ತೆಗೆದು ನನ್ನ ಕೈಯಲ್ಲಿಟ್ಟಳು. ಅದು ಅವಳ ಅತ್ತೆಯ ಅತ್ತೆಯಿಂದ ಬಂದಿದ್ದಂತೆ, ಮನೆಯ ಸೊಸೆಗೆ ಸೇರಬೇಕಾದ್ದಂತೆ. ಅವಳ ಕಣ್ಣು ತುಂಬಿತ್ತು.

“ಇಟ್ಕಳಮ್ಮಿ, ಇದಾದ್ರೂ ನಿಂದಾಗ್ಲಿ,” ಅಂದ್ಲು.

ಕಲ್ಲು ಮೊದಲಿನಷ್ಟೇ ಭಾರ ಇತ್ತು. ನನಗೂ ಅಳು ಬಂತು, ಸುಳ್ಳು ಯಾಕೆ ಹೇಳಲಿ. ಆದರೆ ಬಾಯಿಗೆ ಬಂದಿದ್ದು ಬೇರೆ.

“ಇಟ್ಕಂಡು ಯಾವ ಕುರಿಗೆ ಹಾಕ್ಲಿ ಅಜ್ಜಿ?”

ಕಲ್ಲನ್ನ ಅದರ ಚಪ್ಪಡಿ ಮೇಲೆ ಇಟ್ಟು, ಅದರ ತೇದ ಮಗ್ಗುಲಿಂದ ಅಂಗೈಗೆ ಹತ್ತಿದ್ದ ಕೆಂಪನ್ನ ಧಾರೆ ಸೀರೆಗೇ ಒರೆಸಿಕೊಂಡು ಬಸ್ಸಿಗೆ ಹೋದೆ.