ದಿಬ್ಬದ ಹಿಂದಿನ ಧೂಪದ ಹೊಗೆ

ನಾನು ಬರವಣಿಗೆಯಲ್ಲಿ ಪಳಗಿದವಳಲ್ಲ. ನಮ್ಮ ಮನೆಯಲ್ಲಿ ಪದವಿಯವರೆಗೆ ಓದಿದವರಲ್ಲಿ ನಾನೇ ಮೊದಲಿಗಳಾದ್ದರಿಂದ, ಏನು ಬರೆದರೂ ತಪ್ಪಾದೀತೆಂಬ ಆತಂಕ ಬೇರೆ. ಹೇಳುವ ಕ್ರಮದಲ್ಲಿ ಕೊರತೆ ಕಂಡುಬಂದರೆ ಓದುಗರು ದಯವಿಟ್ಟು ಸಹಿಸಿಕೊಳ್ಳಬೇಕು.

ಇದು ನಡೆದದ್ದು ಕಳೆದ ವರ್ಷ, ಸುಬ್ಬರಾಯನ ಷಷ್ಠಿಗೆ ಮುಂಚಿನ ಭಾನುವಾರ. ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ದಾರಿಯಲ್ಲಿ, ಕಂಪಲಾಪುರದಿಂದ ಸ್ವಲ್ಪ ಒಳಗೆ, ನಮ್ಮ ಶೂಟಿಂಗ್ ಸಂಘದ ಮೈದಾನವಿದೆ. ಸಂಘದ ಅಧ್ಯಕ್ಷರಾದ ಶಿವಲಿಂಗಪ್ಪನವರು ಹೊಗೆಸೊಪ್ಪಿನ ಬೆಳೆಗಾರರು. ತಮ್ಮ ಜಮೀನಿನ ಒಂದು ಅಂಚನ್ನು, ಅಲ್ಲಿದ್ದ, ಸೊಪ್ಪು ವಿಂಗಡಿಸುವ ಹಳೆಯ ಗ್ರೇಡಿಂಗ್ ಶೆಡ್ಡಿನ ಸಮೇತ, ಸಂಘಕ್ಕೆ ಬಿಟ್ಟುಕೊಟ್ಟಿದ್ದರು. ನನ್ನ ತಂಗಿ ಚಂದ್ರಿಕಾ ಅಲ್ಲಿ ರೈಫಲ್ ಶೂಟಿಂಗ್ ಅಭ್ಯಾಸ ಮಾಡುತ್ತಿದ್ದಳು. ಅರ್ಜಿಗಳನ್ನು ಬರೆಯಬಲ್ಲವಳು ಎಂಬ ಒಂದೇ ಕಾರಣಕ್ಕೆ ನನ್ನನ್ನು ಕಾರ್ಯದರ್ಶಿಯನ್ನಾಗಿ ಮಾಡಿದರು.

ಕೆ.ಆರ್. ನಗರ, ಎಚ್.ಡಿ. ಕೋಟೆಗಳಿಂದಲೂ ಸದಸ್ಯರು ಬರುತ್ತಿದ್ದರು. ಆದರೆ ಆಯ್ಕೆ ಸ್ಪರ್ಧೆಗಳಿಗೆ ಎಲ್ಲರೂ ಮೈಸೂರಿಗೇ ಹೋಗಬೇಕಿತ್ತು. ನಮ್ಮ ಮೈದಾನಕ್ಕೆ ಮಾನ್ಯತೆ ದೊರೆತರೆ ಸ್ಪರ್ಧೆಗಳು ಇಲ್ಲಿಯೇ ನಡೆಯುತ್ತಿದ್ದವು. ಅದಕ್ಕಾಗಿ ಮೈದಾನವನ್ನು ಸುಧಾರಿಸಲು ಹೊರಟೆವು. ಸಭೆಗಳೇನೋ ಬಹಳ ನಡೆದವು. ಒಬ್ಬರಿಗೆ ಚಹಾ ಕುಡಿಯಲು ನೆರಳು ಬೇಕು, ಇನ್ನೊಬ್ಬರಿಗೆ ದಾನಿಗಳ ಫಲಕದಲ್ಲಿ ತಮ್ಮ ತಂದೆಯ ಹೆಸರು ಬೇಕು. ಹೆಣ್ಣುಮಕ್ಕಳಿಗೆ ಶೌಚಾಲಯ ಬೇಕೆಂದು ನಾನು ಹೇಳಿದಾಗ ಎಲ್ಲರೂ ಒಪ್ಪಿ, ಮುಂದಿನ ಸಭೆಗೆ ಮುಂದೂಡುತ್ತಿದ್ದರು. ಕಚೇರಿಯಿಂದ ಕಚೇರಿಗೆ ಅಲೆದು, ಸಂಜೆ ಬಸ್ಸಿನಲ್ಲಿ ಕಂಬಿ ಹಿಡಿದುಕೊಂಡೇ ತೂಕಡಿಸುತ್ತಾ ಮನೆ ಸೇರುವುದು ನನಗೆ ಅಭ್ಯಾಸವಾಗಿಹೋಗಿತ್ತು.

ಕೊನೆಗೆ ಕೆಲಸ ಒಂದು ಹಂತಕ್ಕೆ ಬಂತು. ಗುರಿಹಲಗೆಗಳ ಹಿಂದೆ ಗುಂಡುಗಳನ್ನು ತಡೆಯುವ ಮಣ್ಣಿನ ದಿಬ್ಬವಿರುತ್ತದೆ. ಕೆರೆಯ ಹೂಳು ತರಿಸಿ, ಕಲ್ಲು ಆರಿಸಿ, ಆ ದಿಬ್ಬವನ್ನು ಎತ್ತರಿಸಿದೆವು. ಮೂರು ಕಡೆ ತಂತಿಬೇಲಿ ಹಾಕಿಸಿದೆವು. ಮುಂದೂಡುತ್ತಲೇ ಬಂದ ಶೌಚಾಲಯವೂ ಕೊನೆಗೆ ಎದ್ದಿತು. ಗುಂಡು ಹಾರಿಸುವಾಗ ಏರಿಸಬೇಕಾದ ಕೆಂಪು ಬಾವುಟಕ್ಕೆ ರಸ್ತೆಗೆ ಚೆನ್ನಾಗಿ ಕಾಣುವಂತೆ ಮುಂಭಾಗದಲ್ಲಿ ಹೊಸ ಕಂಬ ನೆಡಿಸಿದೆವು. ದಿಬ್ಬದ ಹಿಂದೆ ಇದ್ದದ್ದು ಶಿವಲಿಂಗಪ್ಪನವರದೇ ಹೊಲ. ಅತ್ತ ಯಾರು ಬರುತ್ತಾರೆಂದು ಆ ಬದಿಯ ಬೇಲಿಯನ್ನು ನಂತರಕ್ಕೆ ಬಿಟ್ಟೆವು.

ಮಳೆಗಾಲ ಮುಗಿಯುವ ಹೊತ್ತಿಗೆ ದಿಬ್ಬದ ನೆತ್ತಿಯಲ್ಲಿ, ಹಿಂಬದಿಗೆ ವಾಲಿಕೊಂಡಂತೆ, ಒಂದು ಹುತ್ತ ಎದ್ದಿತು. ದಿಬ್ಬದ ಮಣ್ಣು ಮೆತ್ತಗಿದ್ದರೆ ಗುಂಡು ಅದರಲ್ಲಿ ಹೂತುಹೋಗುತ್ತದೆ. ಹುತ್ತದ ಮಣ್ಣು ಇಟ್ಟಿಗೆಯಷ್ಟು ಗಟ್ಟಿಯಾದ್ದರಿಂದ ಗುಂಡು ಸಿಡಿದು ಬೇರೆ ಕಡೆ ಹಾರುವ ಅಪಾಯವಿದೆ. ಅದು ಮುಂಬದಿಗೆ ಹಬ್ಬುವ ಮೊದಲೇ ತೆಗೆಸಬೇಕಿತ್ತು. ಆದರೆ ಗುದ್ದಲಿ ಹಿಡಿಯಲು ಸದಸ್ಯರಲ್ಲಿ ಒಬ್ಬರೂ ಮುಂದೆ ಬರಲಿಲ್ಲ.

ಜೆಸಿಬಿ ಕರೆಸಿದೆ. ಮೊದಲು ಬಂದ ಚಾಲಕ ದೂರದಲ್ಲೇ ಚಪ್ಪಲಿ ಬಿಟ್ಟು ಕೈ ಮುಗಿದ.

"ಬ್ಯಾರೆ ಏನಾರ ಇದ್ರೆ ಯೋಳಿ ಅಕ್ಕ, ಗುಡ್ಡ ಬೇಕಾದ್ರೂ ತೆಗ್ದಾಕ್ತೀನಿ. ಇದ್ಕೆ ಮಾತ್ರ ಬಕೆಟ್ ಮುಟ್ಸಾಕಿಲ್ಲ. ನಂಗೂ ಎಡ್ತಿ ಮಕ್ಳವ್ರೆ" ಎಂದು ಹೊರಟುಹೋದ.

ಎರಡನೆಯವನು ಫೋನ್ ಎತ್ತುವುದನ್ನೇ ನಿಲ್ಲಿಸಿದ. ಕೆ.ಆರ್. ನಗರದ ಮೂರನೆಯವನು ಒಪ್ಪಿದನಾದರೂ ಒಂದು ಷರತ್ತು ಹಾಕಿದ. ಶೂಟಿಂಗ್ ಮಾಡುವವರ ಮನೆಯ ಹೆಣ್ಣುಮಕ್ಕಳು ಯಾರಾದರೂ ಹುತ್ತಕ್ಕೆ ಹಾಲಿನ ತನಿ ಎರೆದು, ಧೂಪ ಹಾಕಿ, ಜಾಗ ಬಿಟ್ಟು ಹೋಗಪ್ಪಾ ಎಂದು ನಾಗಪ್ಪನನ್ನು ಕೇಳಿಕೊಂಡ ಮೇಲೆಯೇ ತಾನು ಬರುವುದಂತೆ.

ಆ ರಾತ್ರಿ ಊಟ ಮಾಡುವಾಗ ಇದನ್ನು ಮನೆಯಲ್ಲಿ ಹೇಳಿದೆ. ಅಪ್ಪ ಬೀಚನಹಳ್ಳಿಯ ಕಡೆ ನಾಲೆಗೆ ನೀರು ಬಿಡುವ ಕೆಲಸದಲ್ಲಿರುವುದರಿಂದ ವಾರಕ್ಕೊಮ್ಮೆ ಮಾತ್ರ ಬರುತ್ತಾರೆ. ಮನೆಯಲ್ಲಿ ನಾವು ಮೂವರೇ. ಚಂದ್ರಿಕಾ ನಕ್ಕಳು. ಅವ್ವ ನಗಲಿಲ್ಲ. ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳಲ್ಲಿ ಸೊಪ್ಪು ಕಟ್ಟುವ, ವಿಂಗಡಿಸುವ ಕೂಲಿಗೆ ಹೋಗುವ ಅವ್ವ ಹೆಚ್ಚು ಮಾತನಾಡುವವಳಲ್ಲ.

"ಮನೇವ್ರು ಯಾರು ಎರುದ್ರೂ ಆಯ್ತದಂತಾ?" ಎಂದು ಮಾತ್ರ ಕೇಳಿದಳು.

ಮಾನ್ಯತೆಯ ಪರಿಶೀಲನೆ ಮುಗಿಯಲಿ, ಆಮೇಲೆ ನೋಡೋಣ ಎಂದು ನಾನು ತಟ್ಟೆ ತೆಗೆದುಕೊಂಡು ಎದ್ದೆ. ಅಂದು ನನಗೆ ಕಣ್ಣು ಬಿಡಲಾರದಷ್ಟು ಆಯಾಸವಾಗಿತ್ತು.

ಪರಿಶೀಲನೆ ಆ ಭಾನುವಾರ ಮಧ್ಯಾಹ್ನಕ್ಕೆ ನಿಗದಿಯಾಗಿತ್ತು. ಆದರೆ ಮೈಸೂರಿನ ಪರಿಶೀಲಕರು ಮಡಿಕೇರಿಗೂ ಹೋಗಬೇಕಾಗಿದ್ದುದರಿಂದ ಬೆಳಿಗ್ಗೆಯೇ ಬರುವುದಾಗಿ ಫೋನ್ ಮಾಡಿದರು. ಅವ್ವ ಅಷ್ಟರಲ್ಲಿ ಮನೆಯಿಂದ ಹೊರಟುಹೋಗಿದ್ದಳು. ಕೆಲಸಕ್ಕೆ ಹೋಗಿರಬೇಕೆಂದುಕೊಂಡು ನಾನು, ಚಂದ್ರಿಕಾ ತಿಂಡಿಯನ್ನೂ ತಿನ್ನದೆ ಓಡಿದೆವು. ನಾನೇ ಕೆಂಪು ಬಾವುಟ ಏರಿಸಿದೆ. ಪರಿಶೀಲಕರು ಮುಂದೆ ನಿಂತೇ ಬೇಲಿ ನೋಡಿದರು, ಹೊಸ ಶೌಚಾಲಯ ನೋಡಿದರು, ಪರವಾಗಿಲ್ಲ ಎನ್ನುವಂತೆ ತಲೆಯಾಡಿಸಿದರು. ಬಳಿಕ ಗುಂಡು ಹಾರಿಸುವ ಕ್ರಮವನ್ನು ತೋರಿಸಿ ಎಂದರು.

ಚಂದ್ರಿಕಾ ಸೇರಿ ಐವರು ಚಾಪೆಗಳ ಮೇಲೆ ಮಲಗಿ ರೈಫಲ್ ಹಿಡಿದರು. ಆರಂಭದ ಆಜ್ಞೆ ಕೊಡುವ ಮೊದಲು, ಗುಂಡು ತುಂಬದೆ ಗುರಿ ಸರಿಪಡಿಸಿಕೊಳ್ಳಲು ಸ್ವಲ್ಪ ಸಮಯ ಕೊಡುತ್ತಾರೆ. ಆ ಸಮಯ ಮುಗಿಯುತ್ತಿತ್ತು. ಆಜ್ಞೆ ಕೊಡಲು ಪರಿಶೀಲಕರು ಸಿದ್ಧರಾಗಿದ್ದರು. ಆಗ ಚಂದ್ರಿಕಾ ರೈಫಲ್ಲನ್ನು ಕೆಳಗಿಟ್ಟು ಕೈ ಎತ್ತಿದಳು.

"ನಿಲ್ಸಿ ಸರ್. ದಿಬ್ಬದಿಂದ ಹೊಗೆ ಬರ್ತಾ ಇದೆ."

ಪರಿಶೀಲಕರು ಹುಬ್ಬು ಗಂಟಿಕ್ಕಿದರು. "ಬ್ಯಾರನ್ ಹೊಗೆ ಇರಬೇಕಮ್ಮ. ಶೂಟರ್ ಆದವರು ಗುರಿ ನೋಡಬೇಕು, ಆಕಾಶ ಅಲ್ಲ."

"ಬ್ಯಾರನ್ ಎಲ್ಲ ಈ ಕಡೆ ಅವೆ ಸರ್. ಅಲ್ದೆ ಬೇಯ್ಸೋದು ಮುಗ್ದೋಗದೆ. ಅದು ಸಾಂಬ್ರಾಣಿ ಹೊಗೆ."

ನಾನು ದಿಬ್ಬದ ಕಡೆ ನೋಡಿದೆ. ನೆತ್ತಿಯ ಮೇಲೆ ಬಿಳಿಯ ಹೊಗೆ ಸಣ್ಣದಾಗಿ ಏಳುತ್ತಿತ್ತು. ನೋಡುತ್ತಿದ್ದಂತೆ ಅದೇ ಜಾಗದಲ್ಲಿ ಸೆರಗು ಹೊದ್ದ ಒಂದು ತಲೆ ಮೇಲೆದ್ದಿತು. ಆಮೇಲೆ ಭುಜ, ಆಮೇಲೆ ಕೈಯಲ್ಲಿದ್ದ ಹಿತ್ತಾಳೆಯ ಚೊಂಬು. ನಮ್ಮ ಮನೆಯ ಚೊಂಬು. ಅವಳ ತಲೆಯ ನೇರಕ್ಕೆ ಕೆಳಗೆ ಐದು ಗುರಿಹಲಗೆಗಳು ಸಾಲಾಗಿ ನಿಂತಿದ್ದವು.

ಐವರೂ ರೈಫಲ್ ಬಿಟ್ಟು ಎದ್ದರು. ಅವ್ವನಿಗೆ ಮಾತ್ರ ಏನೂ ತಿಳಿದಿರಲಿಲ್ಲ. ದಿಬ್ಬ ಅಡ್ಡವಿದ್ದುದರಿಂದ ಮುಂದಿನ ಬಾವುಟ ಅವಳಿಗೆ ಕಂಡಿರಲೇ ಇಲ್ಲ. ಅವಳು ಅಲ್ಲಿಂದಲೇ ಕೂಗಿ ಹೇಳಿದಳು:

"ಏನ್ರವ್ವ, ಇಷ್ಟೊತ್ಗೇ ಬಂದ್ಬುಟ್ರಾ? ಮಧ್ಯಾನ ಅಂದಿದ್ರಿ. ನಿಮ್ ಜೆಸಿಬಿಯವ್ನಿಗೆ ಯೋಳ್ಬುಡು ಮಗ, ತನಿ ಎರ್ದಿವ್ನಿ, ಕೇಳ್ಕಂಡಿವ್ನಿ. ಇನ್ನೇನ್ ಭಯ ಇಲ್ಲ, ಬರ್ಲಿ ಅವ್ನು."

ನಾನು ಓಡಿಹೋಗಿ ಅವಳನ್ನು ಕೆಳಗಿಳಿಸಿದೆ. ಅವಳ ಕೈ ಹಾಲಿನಿಂದ ಅಂಟಂಟಾಗಿತ್ತು. ನನ್ನ ಮುಖ ನೋಡಿ, ತಿಂಡಿ ತಿಂದಿಲ್ಲವೇ ಎಂದು ಕೇಳಿದಳು. ಚಂದ್ರಿಕಾ ಚಾಪೆಯ ಮೇಲೆಯೇ ಕುಸಿದು ಕುಳಿತು ಅಳುತ್ತಿದ್ದಳು. ಅವ್ವನಿಗೆ ನಡೆದದ್ದನ್ನು ಬಿಡಿಸಿ ಹೇಳಿದವರು ಶಿವಲಿಂಗಪ್ಪನವರು. ಕೇಳಿದ ಮೇಲೆ ಅವಳು ಚೊಂಬನ್ನು ಮಡಿಲಲ್ಲಿಟ್ಟುಕೊಂಡು ಕುಳಿತಳು. "ನೀವಿಬ್ರೂ ಸುಸ್ತಾಗಿ ಬತ್ತಿದ್ರಿ ಕಣವ್ವ. ಒಂದ್ ಕೆಲ್ಸನಾರ ಕಮ್ಮಿ ಆಗ್ಲಿ ಅಂತ ಬಂದೆ" ಎಂದಳು.

ಪರಿಶೀಲಕರು ಒರಟಾಗಿ ಮಾತನಾಡಲಿಲ್ಲ. ಅವ್ವನಿಗೆ ತಮ್ಮ ನೀರಿನ ಬಾಟಲಿ ಕೊಟ್ಟರು. ಹೊರಡುವ ಮೊದಲು ನನ್ನನ್ನು ಪಕ್ಕಕ್ಕೆ ಕರೆದು, ಹಿಂಬದಿಯಿಂದ ಜನ ಬರಬಹುದಾದ ಮೈದಾನಕ್ಕೆ ತಮ್ಮಿಂದ ಸಹಿ ಹಾಕಲಾಗದೆಂದೂ, ಅದನ್ನು ನಾನು ತಪ್ಪು ತಿಳಿಯಬಾರದೆಂದೂ ಹೇಳಿದರು. ನಾನು ತಪ್ಪು ತಿಳಿಯಲಿಲ್ಲ. ಅವರು ಸಹಿ ಹಾಕಿದ್ದರೆ ನನಗೇ ನಿದ್ದೆ ಬರುತ್ತಿರಲಿಲ್ಲ.

"ಬುಡವ್ವ, ಸಾಕು. ಎಷ್ಟ್ ಅಂತ ಓಡಾಡೀಯ" ಎಂದರು ಶಿವಲಿಂಗಪ್ಪನವರು. ಆ ದಿನವೇ ಮೈದಾನವನ್ನು ಮುಚ್ಚಿದೆವು. ಹಿಂಬದಿಗೆ ಇನ್ನು ತಂತಿಬೇಲಿ ಸಾಲದು, ಗೋಡೆ ಕಟ್ಟಿಸುವ ಶಕ್ತಿ ಸಂಘಕ್ಕೆ ಇರಲಿಲ್ಲ. ಕೆಲವು ಸದಸ್ಯರು ಮತ್ತೆ ಮೈಸೂರಿಗೆ ಹೋಗತೊಡಗಿದರು. ಜೆಸಿಬಿಯವನು ಬರಲೇ ಇಲ್ಲ, ನಾನೂ ಕರೆಯಲಿಲ್ಲ. ಹುತ್ತ ಈಗ ನನ್ನ ಸೊಂಟದೆತ್ತರಕ್ಕೆ ಬೆಳೆದಿದೆ. ಷಷ್ಠಿಯ ದಿನ ಸುತ್ತಲಿನ ಹೆಂಗಸರು ನಮ್ಮ ಬೇಲಿಯ ಗೇಟನ್ನೇ ತೆರೆದುಕೊಂಡು ಬಂದು ತನಿ ಎರೆದು ಹೋದರು.

ಉಳಿದ ಸದಸ್ಯರು ಸೇರಿ ಗ್ರೇಡಿಂಗ್ ಶೆಡ್ಡನ್ನು ಏರ್ ರೈಫಲ್ ಅಭ್ಯಾಸಕ್ಕೆ ಸಜ್ಜುಗೊಳಿಸಿದ್ದೇವೆ. ನಾಲ್ಕು ಗೋಡೆಗಳ ಒಳಗೇ ನಡೆಯುವ ಅಭ್ಯಾಸವಿದು. ಚಂದ್ರಿಕಾ ಹೊಸ ರೈಫಲ್ಲಿಗೆ ಇನ್ನೂ ಹೊಂದಿಕೊಳ್ಳುತ್ತಿದ್ದಾಳೆ, ಹಿಂದಿನಷ್ಟು ಅಂಕ ಬರುತ್ತಿಲ್ಲ. ಕಾರ್ಯದರ್ಶಿ ಸ್ಥಾನಕ್ಕೆ ಬೇರೆ ಯಾರೂ ಒಪ್ಪದ ಕಾರಣ ನಾನೇ ಮುಂದುವರಿದಿದ್ದೇನೆ. ಸಭೆಗಳು ಎಂದಿನಂತೆ ನಡೆಯುತ್ತಿವೆ. ಎಂದಾದರೊಮ್ಮೆ ಸಭೆಯ ನಡುವೆಯೇ ದಿಬ್ಬದ ನೆತ್ತಿಯಿಂದ ಮೇಲೇಳುವ ಆ ಸೆರಗು ಕಣ್ಣ ಮುಂದೆ ಬಂದು, ಏನು ಹೇಳುತ್ತಿದ್ದೆನೆಂಬುದನ್ನು ಮರೆತುಬಿಡುತ್ತೇನೆ.

ನಮ್ಮ ಮನೆಯಲ್ಲಿ ಬದಲಾದದ್ದು ಇಷ್ಟು. ಎಲ್ಲಿಗೆ ಹೋಗುತ್ತೇವೆಂದು ಹೇಳದೆ ಈಗ ಯಾರೂ ಹೊಸಿಲು ದಾಟುವುದಿಲ್ಲ. ಅಪ್ಪ ಕೂಡ ನಾಲೆಯ ಕಡೆಯಿಂದ ಫೋನ್ ಮಾಡಿ ಹೇಳುತ್ತಾರೆ. ಭಾನುವಾರಗಳಂದು ಅವ್ವ ನಮ್ಮೊಂದಿಗೆ ಶೆಡ್ಡಿಗೆ ಬರುತ್ತಾಳೆ. ಸುತ್ತಲೂ ಗೋಡೆಯಿದ್ದರೂ ಒಮ್ಮೆ ಹಿಂದುಗಡೆ ಹೋಗಿ ನೋಡಿಕೊಂಡು ಬಂದು, ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂರುತ್ತಾಳೆ. "ಬಂದಿವ್ನಿ ಕಣವ್ವ, ಸುರು ಮಾಡು" ಎಂದು ಅವಳು ಹೇಳುವವರೆಗೆ ಚಂದ್ರಿಕಾ ರೈಫಲ್ಲನ್ನು ಕೈಗೆತ್ತಿಕೊಳ್ಳುವುದಿಲ್ಲ.