ನೋಡದೆ ಮುಚ್ಚಿದೆ

ಮೊದಲ ಸಲ ಆಕೆ ನನಗೆ ಬೆನ್ನು ತಿರುಗಿಸಿದಾಗ ನನಗೆ ಮೈಯೆಲ್ಲ ಉರಿದಿತ್ತು. ಕಾಲೇಜಿಗೆ ಸೇರಿ ಮೂರೇ ದಿನ. ಇತಿಹಾಸದ ಹೊಸ ಮೇಷ್ಟ್ರು ಎಂದು ಗೇಟಿನ ಕಾವಲುಗಾರ ಎದ್ದು ನಿಂತಿದ್ದ. ಅದೇ ಗತ್ತಿನಲ್ಲಿ ಕಂಪ್ಯೂಟರ್ ಲ್ಯಾಬಿಗೆ ಹೋಗಿ ಕೂತೆ. ಲ್ಯಾಬಿನ ಮೇಲ್ವಿಚಾರಕಿ ನನ್ನ ಹೆಸರು, ಯಂತ್ರದ ನಂಬರು, ಗಂಟೆ ನಿಮಿಷ ಎಲ್ಲವನ್ನೂ ಉದ್ದನೆಯ ಪುಸ್ತಕವೊಂದರಲ್ಲಿ ಬರೆದುಕೊಂಡು, "ಹೂಂ, ಹಾಕಿ ಸಾರ್" ಅಂದವರೇ ಗಿರ್ರನೆ ಗೋಡೆಯ ಕಡೆ ತಿರುಗಿ ನಿಂತುಬಿಟ್ಟರು. ನಾನು ಎರಡು ಬಾರಿ ಕೆಮ್ಮಿದೆ. ಊಹೂಂ. ನನ್ನ ಮುಖದಲ್ಲಿ ಅಂಥದ್ದೇನಾಗಿದೆ ಎಂದು ಪಕ್ಕದ ಆರಿದ ಪರದೆಯಲ್ಲಿ ನೋಡಿಕೊಂಡೆ. ಮುಖ ಎಂದಿನಂತೆಯೇ ಇತ್ತು. ಅಂದಮೇಲೆ ತಪ್ಪು ಅವರದೇ ಎಂದು ತೀರ್ಮಾನಿಸಿ ನೇರ ಪ್ರಿನ್ಸಿಪಾಲರ ಕೋಣೆಗೆ ಹೋಗಿ ದೂರು ಕೊಟ್ಟೆ.

ಪ್ರಿನ್ಸಿಪಾಲರು ನಕ್ಕರು. "ಅಯ್ಯೋ, ನನಗೂ ತಿರುಗಿಸ್ತಾರೆ ಕಣ್ರೀ. ಯಾರೇ ಪಾಸ್‌ವರ್ಡ್ ಹಾಕ್ಲಿ, ಆಯಮ್ಮ ನೋಡಲ್ಲ. ನಿಮಗೆ ಸಿಕ್ಕಿದ್ದು ಮರ್ಯಾದೆ. ಹೋಗಿ, ಇಟ್ಕೊಳ್ಳಿ."

ಹುಡುಗರು ಅವರನ್ನು 'ಗೋಡೆ ಮೇಡಂ' ಅನ್ನುತ್ತಿದ್ದರು. ಅವರಿಗೂ ಅದು ಗೊತ್ತಿತ್ತು. "ಕಿಟಕಿ ಮೇಡಂ ಅಂದಿದ್ರೆ ಬೇಜಾರಾಗ್ತಿತ್ತು" ಅನ್ನುತ್ತಿದ್ದರು.

ಲ್ಯಾಬಿಗೆ ಬರುವ ಮುಂಚೆ ಅವರು ಹನ್ನೆರಡು ವರ್ಷ ಒಂದು ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದವರು. ಒಮ್ಮೆ ಎದುರು ಮೇಜಿನವರ ವರ್ಗಾವಣೆ ಆದೇಶವನ್ನು ತಾವೇ ಟೈಪು ಮಾಡಿ, ಮಧ್ಯಾಹ್ನ ಅದೇ ಮನುಷ್ಯನ ಜೊತೆ ಕೂತು ಊಟ ಮಾಡಿದ್ದರಂತೆ. ಆತ ಮನೆಗೆ ಹೊಸ ಕಪಾಟು ಮಾಡಿಸುವ ವಿಷಯ ಹೇಳುತ್ತಿದ್ದ. ಇವರು ತುಟಿ ಪಿಟಕ್ಕೆನ್ನಲಿಲ್ಲ. "ಅವತ್ತು ಅರ್ಧ ಊಟಕ್ಕೇ ಡಬ್ಬಿ ಮುಚ್ಚಿದೆ ಸಾರ್. ಇನ್ಮೇಲೆ ನನಗೆ ಸಂಬಂಧ ಇಲ್ಲದ್ದನ್ನ ಕಣ್ಣಿಗೇ ಬಿಟ್ಕೋಬಾರ್ದು ಅನ್ಕೊಂಡೆ." ಆ ಆಫೀಸಿನಿಂದ ಅವರು ತಂದ ಇನ್ನೊಂದು ಅಭ್ಯಾಸ ತಾಳೆ ನೋಡುವುದು. ಟೈಪಾದ ಪ್ರತಿ ಹಾಳೆಯನ್ನೂ ಒಬ್ಬರು ಓದಬೇಕು, ಇನ್ನೊಬ್ಬರು ಮೂಲದ ಮೇಲೆ ಬೆರಳಿಟ್ಟುಕೊಂಡು ಹೋಗಬೇಕು.

ಮನೆಯಲ್ಲೂ ಈ ನೋಡದಿರುವ ಅಭ್ಯಾಸ ಹಾಗೇ. ಗಂಡ ಸ್ನಾನಕ್ಕೆ ಹೋದಾಗ ಅವರ ಫೋನು ಬಡಿದುಕೊಂಡರೆ, ಅದನ್ನು ಬೋರಲಾಗಿ ಹಿಡಿದು ಬಚ್ಚಲ ಬಾಗಿಲಿಗೆ ಒಯ್ಯುತ್ತಾರೆ. ಅತ್ತೆಯವರ ದೂರು ಒಂದೇ: "ಬೇರೆ ಮನೇಲಿ ಗಂಡನ ಫೋನು ನೋಡಿ ಜಗಳ ಆಗತ್ತೆ. ನಮ್ಮನೇಲಿ ಇವಳು ನೋಡಲ್ಲ ಅಂತ ನಮಗೊಂದು ಸುದ್ದಿನೂ ಸಿಗಲ್ಲ."

ಲ್ಯಾಬಿನ ಅವರ ಆ ಉದ್ದನೆಯ ಪುಸ್ತಕದಲ್ಲಿ ಪದೇ ಪದೇ ಬರುವ ಒಂದು ಸಾಲಿತ್ತು. ಯಾರಾದರೂ ಲಾಗೌಟ್ ಮಾಡದೆ ಎದ್ದು ಹೋದರೆ ಅವರು ಯಂತ್ರದ ಹತ್ತಿರ ಬಂದು, ಮುಖ ಪಕ್ಕಕ್ಕೆ ಮಾಡಿ, ಎರಡು ಗುಂಡಿ ಒತ್ತಿ ಮುಚ್ಚುತ್ತಿದ್ದರು. ಆಮೇಲೆ ಬರೆಯುತ್ತಿದ್ದರು: 'ಪರದೆ ತೆರೆದಿತ್ತು. ನೋಡದೆ ಮುಚ್ಚಿದೆ.' ಆ ಸಾಲಿನ ಎದುರು ಅತಿ ಹೆಚ್ಚು ಬಾರಿ ಬಂದ ಹೆಸರು ವಾಣಿಜ್ಯ ವಿಭಾಗದ ಮುಖ್ಯಸ್ಥರದು. ಅವರ ಕೋಣೆಯ ನಾಮಫಲಕವನ್ನು ಓದಿ ಮುಗಿಸುವಷ್ಟರಲ್ಲಿ ಒಂದು ಪೀರಿಯಡ್ ಮುಗಿಯುತ್ತಿತ್ತು. ಲಾಗೌಟ್‌ನಂಥ ಸಣ್ಣ ಕೆಲಸ ಅಷ್ಟು ದೊಡ್ಡವರು ಮಾಡುವುದುಂಟೆ?

ಹೋದ ವರ್ಷ ಈ ಮುಖ್ಯಸ್ಥರೇ ಒಂದು ಗುಲ್ಲೆಬ್ಬಿಸಿದರು. ಆಂತರಿಕ ಪರೀಕ್ಷೆಯ ಅಂಕಗಳನ್ನು ಲ್ಯಾಬಿನ ಮೂರನೇ ಯಂತ್ರದಲ್ಲಿ ಕೂತು ಕಾಲೇಜಿನ ಪಟ್ಟಿಗೆ ಏರಿಸಿದ್ದರು. ಮರುದಿನ ನೋಡಿದರೆ, ಸದಾ ಮೊದಲು ಬರುವ ಹುಡುಗನಿಗೆ ಇಪ್ಪತ್ತೈದಕ್ಕೆ ಹನ್ನೊಂದು. ಅವನ ಹಿಂದಿನ ನಂಬರಿನ ಹುಡುಗಿಗೆ ಇಪ್ಪತ್ನಾಲ್ಕು. ಆ ಹುಡುಗಿಗೆ ಕಾಲೇಜೆಲ್ಲ 'ರಿಪೇರಿ' ಅನ್ನುತ್ತಿತ್ತು. ಯಾರ ಫೋನು ಕೆಟ್ಟರೂ ಅವಳ ಬೆಂಚಿಗೇ ಬರುತ್ತಿತ್ತು. ಮುಖ್ಯಸ್ಥರು ಅಂಕ ಬರೆದಿಟ್ಟುಕೊಂಡಿದ್ದ ತಮ್ಮ ಕಾಗದದಲ್ಲಿ ಆ ಇಬ್ಬರ ಸಾಲು ಮಾತ್ರ ನೋಡಿದರು. ರಿಪೇರಿಗೆ ಅವರು ಕೊಟ್ಟಿದ್ದು ಹದಿನಾಲ್ಕು. ಸಾಲದ್ದಕ್ಕೆ, ಅವರು ಎದ್ದ ಮೇಲೆ ಅದೇ ಮೂರನೇ ಯಂತ್ರಕ್ಕೆ ಕೂತವಳು ಅವಳೇ. ಇನ್ನೇನು ಬೇಕು? "ಹ್ಯಾಕಿಂಗ್!" ಎಂದರು. ಆ ಪದವನ್ನು ಅವರು ಬಹಳ ದಿನದಿಂದ ಬಳಸಲು ಕಾದಿದ್ದಂತಿತ್ತು.

ಶಿಸ್ತು ಸಮಿತಿ ಲ್ಯಾಬಿನಲ್ಲೇ ಸೇರಿತು. ನಾನೂ ಅದರ ಸದಸ್ಯ. ಅಂಥ ಸಮಿತಿಯೊಂದಿದೆ ಎಂಬುದೇ ನನಗೆ ಅವತ್ತು ಗೊತ್ತಾಯಿತು. ಸಂಜೆಯೊಳಗೆ ಪಟ್ಟಿ ಕಳಿಸಬೇಕಿತ್ತು. ತಪ್ಪು ಸಾಬೀತಾದರೆ ರಿಪೇರಿ ವಾರ್ಷಿಕ ಪರೀಕ್ಷೆಗೆ ಕೂರುವಂತಿಲ್ಲ. ಒಂದು ವರ್ಷ ಹೋದಂತೆಯೇ. ಹುಡುಗಿ ಬಾಗಿಲ ಹತ್ತಿರ ನಿಂತು ದುಪಟ್ಟಾದ ತುದಿಯನ್ನು ಸುರುಳಿ ಸುತ್ತುತ್ತಿದ್ದಳು.

ಗೋಡೆ ಮೇಡಂ ಪುಸ್ತಕ ತೆಗೆದು ಓದಿದರು: "ಹನ್ನೊಂದು ನಲವತ್ತು. ಮುಖ್ಯಸ್ಥರು ಎದ್ದು ಹೋದರು. ಪರದೆ ತೆರೆದಿತ್ತು. ನೋಡದೆ ಮುಚ್ಚಿದೆ. ಹನ್ನೊಂದು ಐವತ್ತು. ಈ ಹುಡುಗಿ ಬಂದಳು."

"ಪುಸ್ತಕದಲ್ಲಿ ಏನು ಬೇಕಾದ್ರೂ ಬರೀಬಹುದು" ಎಂದರು ಮುಖ್ಯಸ್ಥರು. "ಇವಳ ಇಮೇಲ್ ತೆಗೀರಿ. ಸ್ನೇಹಿತರ ಹತ್ರ ಕೊಚ್ಕೊಂಡೇ ಇರ್ತಾಳೆ. ಎಲ್ಲರ ಖಾತೆನೂ ತೆಗೆಯೋ ಅಧಿಕಾರ ನಿಮಗಿದೆಯಲ್ಲ?"

"ಇದೆ ಸಾರ್. ಪಾಸ್‌ವರ್ಡ್ ಮರೆತೋರಿಗೆ ಹೊಸದು ಮಾಡಿಕೊಡೋಕೆ. ಇವಳು ಮರೆತಿಲ್ಲ."

ಪ್ರಿನ್ಸಿಪಾಲರು ಗಡಿಯಾರ ನೋಡಿದರು. "ಮೇಡಂ, ಹಟ ಬೇಡ. ಒಂದೇ ಒಂದು ಸಲ ನೋಡಿ ಮುಗಿಸಿ. ನಾನೇ ಹೇಳ್ತಿದೀನಲ್ಲ."

"ಆಗಲ್ಲ ಸಾರ್."

ಅಷ್ಟರಲ್ಲಿ ರಿಪೇರಿ ಮುಂದೆ ಬಂದಳು. "ಅಕ್ಕಾ, ಹೋಗ್ಲಿ ಬಿಡಿ, ನಾನೇ ತೆಗೆದು ತೋರಿಸ್ತೀನಿ. ಏನೂ ಇಲ್ಲ ಅದ್ರಲ್ಲಿ."

"ಸುಮ್ನಿರು. ಏನೂ ಮಾಡ್ದೆ ಇದ್ರೂ ಇವತ್ತು ನೀನು ತೋರಿಸಿದ್ರೆ, ನಾಳೆ ಇನ್ನೊಬ್ಳು ತೋರಿಸ್ಲೇಬೇಕಾಗತ್ತೆ. ಅವಳು ತೋರಿಸಲ್ಲ ಅಂದ್ರೆ ಅದೇ ಅವಳ ತಪ್ಪಾಗತ್ತೆ."

"ಹಾಗಿದ್ರೆ ಲ್ಯಾಬಿನ ಕೀ ಇಲ್ಲಿಡಿ" ಎಂದರು ಪ್ರಿನ್ಸಿಪಾಲರು. ಅವರಿಗೂ ರೇಗಿತ್ತು. "ಮಾತು ಕೇಳೋರನ್ನ ಕೂರಿಸ್ತೀನಿ."

ಮೇಡಂ ಸೊಂಟದಿಂದ ಕೀ ಗೊಂಚಲು ತೆಗೆದು ಮೇಜಿನ ಮೇಲಿಟ್ಟರು. "ತಗೊಳ್ಳಿ. ಆದ್ರೆ ಹೋಗೋ ಮುಂಚೆ ಒಂದು ಕೆಲಸ ಬಾಕಿ ಇದೆ. ಮುಖ್ಯಸ್ಥರು ತಮ್ಮ ಕಾಗದ ತರ್ಲಿ, ತಮ್ಮ ಪಟ್ಟಿ ತಾವೇ ತೆಗೀಲಿ. ಒಂದರಿಂದ ಕೊನೇವರೆಗೂ ತಾಳೆ ನೋಡೋಣ."

"ಅಂದ್ರೆ ನನ್ನ ಮೇಲೇ ಅನುಮಾನಾನಾ?"

"ಅನುಮಾನ ಅಲ್ಲ ಸಾರ್. ತಾಳೆ."

ಮುಖ್ಯಸ್ಥರು ಕುರ್ಚಿ ಎಳೆದು ಕೂತರು. ಮೇಡಂ ಗೋಡೆಗೆ ತಿರುಗಿದರು. ಕಾಗದ ನನ್ನ ಕೈಗೆ ಬಂತು. ಮುಖ್ಯಸ್ಥರು ಪರದೆಯ ನಂಬರು, ಅಂಕ ಓದುವುದು, ನಾನು ಕಾಗದದ್ದು ಓದುವುದು. ಮೂವತ್ತರವರೆಗೆ ಎಲ್ಲ ಸರಿಯಿತ್ತು.

"ಮೂವತ್ತೊಂದು, ಹತ್ತೊಂಬತ್ತು" ಎಂದರು ಮುಖ್ಯಸ್ಥರು.

ನನ್ನ ಕಾಗದದಲ್ಲಿ ಮೂವತ್ತೊಂದೇ ಇರಲಿಲ್ಲ. ಮೂವತ್ತಾದ ಮೇಲೆ ಮೂವತ್ತೆರಡು. ಮೂವತ್ತೊಂದನೇ ನಂಬರಿನ ಹುಡುಗ ಮೂರು ತಿಂಗಳ ಹಿಂದೆಯೇ ಕಾಲೇಜು ಬಿಟ್ಟಿದ್ದ; ಕಾಲೇಜಿನ ಪಟ್ಟಿಯಿಂದ ಮಾತ್ರ ಅವನ ಹೆಸರು ಹೋಗಿರಲಿಲ್ಲ. ಪಾಪ, ಕಾಲೇಜಿನಲ್ಲಿದ್ದಾಗ ಅವನಿಗೆ ಅಷ್ಟು ಅಂಕ ಎಂದೂ ಬಂದಿರಲಿಲ್ಲ.

"ಕಾಗದದಲ್ಲಿ ಮೂವತ್ತೆರಡಕ್ಕೆ ಎಷ್ಟಿದೆ ಸಾರ್?" ಮೇಡಂ ಗೋಡೆಯನ್ನೇ ಕೇಳಿದಂತಿತ್ತು.

"ಹತ್ತೊಂಬತ್ತು" ಎಂದೆ.

"ಮೂವತ್ಮೂರಕ್ಕೆ?"

"ಒಂಬತ್ತು."

"ಪರದೆ ಮೇಲೆ ಮೂವತ್ತೆರಡಕ್ಕೆ?"

ಮುಖ್ಯಸ್ಥರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು. ಕನ್ನಡಕದ ತಪ್ಪೇನೂ ಇರಲಿಲ್ಲ. "ಒಂಬತ್ತು."

"ಸಾಲು ತಪ್ಪಿದೆ ಸಾರ್. ಅಲ್ಲಿಂದ ಕೆಳಗೆ ಪ್ರತಿಯೊಬ್ಬರಿಗೂ ಮುಂದಿನವರ ಅಂಕ ಬಿದ್ದಿದೆ. ಕೊನೇ ಹುಡುಗನಿಗೆ ಏನು ಹಾಕಿದ್ರಿ?"

"ಅಂಕ ಉಳಿದಿರಲಿಲ್ಲ... ಗೈರುಹಾಜರು ಅಂತ ಹಾಕ್ದೆ."

ಪ್ರಿನ್ಸಿಪಾಲರು ಕೀ ಗೊಂಚಲನ್ನು ಒಂದು ಬೆರಳಿನಿಂದ ಮೆಲ್ಲಗೆ ಮೇಡಂ ಇದ್ದ ಕಡೆಗೆ ತಳ್ಳಿದರು. ಮುಖ್ಯಸ್ಥರು ಎದ್ದು ನಿಂತು, ರಿಪೇರಿಯ ಕಡೆ ಬೆರಳು ತೋರಿಸಿ, "ಇನ್ಮೇಲಾದ್ರೂ ಹುಷಾರಾಗಿರು" ಎಂದರು.

ಮೇಡಂ ಆಗ ತಿರುಗಿದರು. "ಸಾರ್, ಸಾರಿ ಹೇಳಿ."

"ಏನು?"

"ಸಾರಿ. ಆ ಹುಡುಗಿಗೆ. ಪಟ್ಟಿ ಕಳಿಸೋಕೆ ಇನ್ನೂ ಎರಡು ಗಂಟೆ ಟೈಮಿದೆ, ನಿಧಾನಕ್ಕೆ ಹೇಳಿ. ಅಲ್ಲೀವರೆಗೆ ನಾನು ಕೀ ಮುಟ್ಟಲ್ಲ."

ನಾಮಫಲಕದಷ್ಟು ಉದ್ದದ ಪೀಠಿಕೆಯ ನಂತರ ಆ ಪದ ಹೊರಗೆ ಬಂತು. ಮೇಡಂ ಕೀ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಪುಸ್ತಕ ತೆರೆದರು. ಈ ಸಲ ಮುಖ್ಯಸ್ಥರು ಅಂಕಗಳನ್ನು ಸರಿಪಡಿಸಿ, ನಾವೆಲ್ಲ ನೋಡುತ್ತಿರುವಾಗಲೇ ಲಾಗೌಟ್ ಮಾಡಿದರು.

ಎಲ್ಲರೂ ಹೋದ ಮೇಲೆ ನಾನು ಉಳಿದುಕೊಂಡೆ. ನನಗೂ ಅಂಕ ಏರಿಸುವುದಿತ್ತು. "ಹೂಂ, ಹಾಕಿ ಸಾರ್" ಎಂದು ಅವರು ತಿರುಗಿದರು. ನನ್ನ ಪಾಸ್‌ವರ್ಡಿನ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆ. ಒಬ್ಬ ಚಕ್ರವರ್ತಿಯ ಹೆಸರು, ಪಕ್ಕದಲ್ಲಿ ಅವನು ಪಟ್ಟಕ್ಕೆ ಬಂದ ವರ್ಷ. ಇತಿಹಾಸದವನಿಗಲ್ಲದೆ ಯಾರಿಗೆ ಹೊಳೆದೀತು? ತಡೆಯಲಾರದೆ ಕೇಳಿಯೇಬಿಟ್ಟೆ: "ಅಲ್ಲ ಮೇಡಂ, ಇಷ್ಟು ವರ್ಷ ಆಯ್ತಲ್ಲ, ನನ್ನ ಪಾಸ್‌ವರ್ಡ್ ಏನಿರಬಹುದು ಅಂತ ಒಂದು ದಿನವಾದ್ರೂ ನಿಮಗೆ ಕುತೂಹಲ ಆಗಿಲ್ವಾ?"

"ಎಲ್ಲಿಂದ ಆಗತ್ತೆ ಸಾರ್? ಹಾಕೋವಾಗೆಲ್ಲ ಜೋರಾಗಿ ಓದ್ಕೊಂಡೇ ಹಾಕ್ತೀರಿ. ಇವತ್ತೇ ಬದಲಾಯಿಸಿ."